ಗುರುಪುರದ ಏರಿನಲ್ಲಿ ಎಂಜಿನ್ ಆಯಿಲ್

ಎಂಜಿನ್ನಿನ ಆಯಿಲ್ ಪಂಪನ್ನು ತಿರುಗಿಸುವುದು ಎಂಜಿನ್ನೇ. ಹಾಗಾಗಿ ವೇಗ ಹೆಚ್ಚಿದಷ್ಟೂ ಎಣ್ಣೆ ಹೆಚ್ಚು ಹರಿಯುತ್ತದೆ. ಗೇರ್ ಪಂಪಿನ ಹಲ್ಲುಗಳ ಸಂದಿಯಲ್ಲಿ ಹಿಡಿಸುವಷ್ಟು ಎಣ್ಣೆ ಪ್ರತಿ ಸುತ್ತಿಗೂ ಮುಂದೆ ಹೋಗಲೇಬೇಕು. 800 ಆರ್‌ಪಿಎಂನಲ್ಲಿ ತಳ್ಳುವುದರ ಸುಮಾರು ಮೂರು ಪಟ್ಟನ್ನು ಅದು 2,400ರಲ್ಲಿ ತಳ್ಳುತ್ತದೆ. ಒತ್ತಡ ಮಾತ್ರ ಹೀಗೆ ಏರುತ್ತಲೇ ಹೋಗುವುದಿಲ್ಲ. ಬಿಸಿಯಾದ ಎಂಜಿನ್ ಐಡ್ಲಿಂಗಿನಲ್ಲಿರುವಾಗ 1 ಬಾರ್ ಆಸುಪಾಸಿನಲ್ಲಿರುವ ಒತ್ತಡ, ಹಲವು ಎಂಜಿನ್ನುಗಳಲ್ಲಿ 4–5 ಬಾರ್ ಮುಟ್ಟುತ್ತಲೇ ರಿಲೀಫ್ ವಾಲ್ವ್ ತೆರೆದು, ಮಿಕ್ಕ ಎಣ್ಣೆ ಎಂಜಿನ್ ತಳದ ಸಂಪ್‌ಗೆ ಮರಳುತ್ತದೆ.

ಆದರೆ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಪಂಪಿನ ಒತ್ತಡವಲ್ಲ. ಪಂಪು ಎಣ್ಣೆಯನ್ನು ಬೇರಿಂಗಿನವರೆಗೆ ತಲುಪಿಸುತ್ತದೆ, ಅಷ್ಟೆ. ಶಾಫ್ಟನ್ನು ಎತ್ತಿ ಹಿಡಿಯುವ ಒತ್ತಡ ಅದರ ತಿರುಗಾಟದಿಂದಲೇ ಹುಟ್ಟುತ್ತದೆ. 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ರೈಲಿನ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದಾಗ, ಮೇಲ್ಗಡೆಯ ತೂತಿಗೆ ಬಡಿದ ಮರದ ಬೆಣೆಯನ್ನು ಎಣ್ಣೆ ಹೊರಗೆ ನೂಕಿತು. ಅಲ್ಲಿ ಮೀಟರ್ ಜೋಡಿಸಿದರೆ ಮುಳ್ಳು ಚದರ ಇಂಚಿಗೆ 200 ಪೌಂಡಿನ ಗುರುತನ್ನೂ ದಾಟಿತು. ಇದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಬಿಡಿಸಿದರು. ಜೋರು ಮಳೆಯಲ್ಲಿ ವೇಗವಾಗಿ ಓಡುವ ಟೈರು ನೀರಿನ ಪದರದ ಮೇಲೆ ತೇಲುವ ಹಾಗೆ, ತಿರುಗುವ ಶಾಫ್ಟ್ ಎಣ್ಣೆಯನ್ನು ಕಿರಿದಾಗುತ್ತಾ ಹೋಗುವ ಸಂದಿಗೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಎಣ್ಣೆ ದಪ್ಪವಾಗಿದ್ದು ವೇಗ ಹೆಚ್ಚಿದ್ದರೆ ಪದರ ದಪ್ಪ. ಹೊರೆ ಹೆಚ್ಚಿದರೆ ತೆಳು. ಕೆಲವೇ ಮೈಕ್ರಾನಿನ ಈ ಪದರದ ಮೇಲೆ ಎಂಜಿನ್ನಿನ ಆಯುಸ್ಸು ನಿಂತಿದೆ.

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಈ ಪದರ ತೆಳುವಾಗುವ ಹೊತ್ತನ್ನು ಕಿವಿಯಿಂದಲೇ ಗುರುತಿಸಬಹುದು. ವಾಮಂಜೂರು ದಾಟಿದ ರಸ್ತೆ ಗುರುಪುರ ಹೊಳೆಗೆ ಇಳಿದು, ಸೇತುವೆಯಾಚೆ ಕೈಕಂಬದ ಕಡೆ ಏರುತ್ತದೆ. ತುಂಬಿದ ವಾಹನವನ್ನು ಡೀಸೆಲ್ ಉಳಿಸುವ ಆಸೆಯಿಂದ ಮೇಲಿನ ಗೇರಿನಲ್ಲೇ ಏರಿಸಿದರೆ ಎಂಜಿನ್ ಗುಡುಗುಡು ಎನ್ನುತ್ತಾ ನಡುಗತೊಡಗುತ್ತದೆ. ಆಗ ಸಿಲಿಂಡರಿನ ಪ್ರತಿ ಸ್ಫೋಟವೂ ಕನೆಕ್ಟಿಂಗ್ ರಾಡಿನ ಬೇರಿಂಗನ್ನು ಪೂರ್ತಿ ಬಲದಿಂದ ಒತ್ತುತ್ತದೆ, ಶಾಫ್ಟಿನ ವೇಗವೋ ಕಡಿಮೆ. ಪದರ ತೀರಾ ತೆಳುವಾಗುವ ಹೊತ್ತು ಇದೇ. ಒತ್ತಡದ ದೀಪ ಹತ್ತುವುದಿಲ್ಲ. ಅದು ಸಾಮಾನ್ಯವಾಗಿ ಒತ್ತಡ ಅರ್ಧ ಬಾರ್‌ಗಿಂತ ಕೆಳಗಿಳಿದರಷ್ಟೇ ಎಚ್ಚರಿಸುತ್ತದೆ. ಆ ದೀಪವನ್ನು ನಂಬಿ ಗೇರ್ ಇಳಿಸದಿರುವುದು ಬೇರಿಂಗಿಗೆ ಮಾಡುವ ದ್ರೋಹ.

ಐಡ್ಲಿಂಗಿನಲ್ಲಿ ಕ್ರ್ಯಾಂಕ್ ಬೇರಿಂಗಿಗೆ ಹೊರೆ ಕಡಿಮೆ, ತೊಂದರೆಯೂ ಕಡಿಮೆ. ಪೆಟ್ಟು ಬೀಳುವುದು ವಾಲ್ವುಗಳನ್ನು ತೆರೆಯುವ ಕ್ಯಾಮಿಗೆ. ನಿಧಾನಗತಿಯಲ್ಲಿ ವಾಲ್ವ್ ಸ್ಪ್ರಿಂಗಿನ ಬಿಗಿಯೆಲ್ಲ ಕ್ಯಾಮಿನ ಮೂಗಿನ ಮೇಲೆ ಬೀಳುತ್ತದೆ, ಸಿಡಿಯುವ ಎಣ್ಣೆಯೂ ಅಲ್ಪ. ಚಪ್ಪಟೆ ಟ್ಯಾಪೆಟ್ಟಿನ ಹಳೆಯ ಎಂಜಿನ್ನುಗಳಿಗೆ ಹೊಸ ಕ್ಯಾಮ್ ಕೂರಿಸಿದರೆ ಐಡ್ಲಿಂಗಿನಲ್ಲಿ ಬಿಡದೆ, ಶುರುವಿನಿಂದಲೇ 2,000 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸಿ ಪಳಗಿಸುವುದು ಇದಕ್ಕೇ.

ವೇಗ ಅತಿಯಾದರೂ ಕೇಡು. ಎಣ್ಣೆ ಬಿಸಿಯಾಗಿ ನೀರಾಗುತ್ತದೆ; ಗಾಳಿ ಬೆರೆತು ನೊರೆಯೇಳುತ್ತದೆ. ನೊರೆ ಅದುಮಿದರೆ ಕುಗ್ಗುವುದರಿಂದ ಹೊರೆ ಹೊರಲಾರದು. ಟರ್ಬೊ ಇರುವ ಎಂಜಿನ್ನಿನಲ್ಲಿ ಇನ್ನೊಂದು ಕಾಳಜಿ ಬೇಕು: ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಬಲ್ಲ ಅದರ ಶಾಫ್ಟಿಗೆ ಎಣ್ಣೆ ಬರುವುದು ಇದೇ ಪಂಪಿನಿಂದ. ಏರು ಹತ್ತಿಸಿದ ಕೂಡಲೇ ಎಂಜಿನ್ ಬಂದ್ ಮಾಡಿದರೆ ಹರಿವು ನಿಂತು, ಕಾದ ಬೇರಿಂಗಿನಲ್ಲಿ ಉಳಿದ ಎಣ್ಣೆ ಕರಕಲಾಗುತ್ತದೆ. ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಡುವುದು ಕ್ಷೇಮ.

ಪೆಟ್ರೋಲಿಗೇ ಎಣ್ಣೆ ಬೆರೆಸುವ ಟೂ-ಸ್ಟ್ರೋಕಿನ ನಿಯಮ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳಲ್ಲಿ ಎಣ್ಣೆಯ ಹರಿವನ್ನು ನಿರ್ಧರಿಸುವುದು ಬರೀ ವೇಗವಲ್ಲ, ಆಕ್ಸಲರೇಟರ್ ಕೂಡ. ವಾಮಂಜೂರಿನಿಂದ ಹೊಳೆಯ ಕಡೆ ಇಳಿಯುವಾಗ ಆಕ್ಸಲರೇಟರ್ ಪೂರ್ತಿ ಬಿಟ್ಟರೆ ಚಕ್ರಗಳು ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತವೆ, ಒಳಗೆ ಬರುವ ಪೆಟ್ರೋಲೂ ತೀರಾ ಅಲ್ಪ, ಅದರ ಜೊತೆ ಬರುವ ಎಣ್ಣೆಯೂ ಅಲ್ಪ. ಉದ್ದದ ಇಳಿಜಾರಿನಲ್ಲಿ ಆಗಾಗ ಆಕ್ಸಲರೇಟರ್ ತುಸು ತಿರುವಿದರೆ ಪಿಸ್ಟನ್ನಿಗೆ ಎಣ್ಣೆ ಸಿಗುತ್ತದೆ.