ಒಂದೇ ಅಂಕಿ, ಎರಡು ಅರ್ಥ

ರಷ್ಯಾದಲ್ಲಿ ತಯಾರಾಗಿ 2001ರಲ್ಲಿ ಬಿಡುಗಡೆಯಾದ ‘ಐಎಲ್-2 ಸ್ಟರ್ಮೊವಿಕ್’ ಎರಡನೆಯ ಮಹಾಯುದ್ಧದ ವಿಮಾನಗಳನ್ನು ಗಣಕದಲ್ಲಿ ಹಾರಿಸುವ ಆಟ. ಎಂಜಿನ್ನಿನ ನಿರ್ವಹಣೆಯನ್ನು ಆಟಗಾರನಿಗೇ ಒಪ್ಪಿಸುವ ಆಯ್ಕೆ ಇದರ ಹೆಚ್ಚುಗಾರಿಕೆ. ಥ್ರಾಟಲ್ ಜೊತೆಗೆ ಪ್ರೊಪೆಲರ್ ಲಿವರನ್ನೂ ಹೊಂದಿಸಬೇಕು. ಗಮನ ತಪ್ಪಿದರೆ ಎಂಜಿನ್ ಮಿತಿಮೀರಿ ಕಾಯುತ್ತದೆ.

ಆದರೆ ಪರದೆಯ ಮೇಲೆ ಮೂಡುವ ‘ಪ್ರೊಪೆಲರ್ ಪಿಚ್ 80%’ ಎಂಬ ಸೂಚನೆ ದಾರಿ ತಪ್ಪಿಸುತ್ತದೆ. ಸ್ಥಿರವೇಗದ ಪ್ರೊಪೆಲರ್‌ನಲ್ಲಿ ಲಿವರ್ ನಿಗದಿಪಡಿಸುವುದು ಅಲಗಿನ ಕೋನವನ್ನಲ್ಲ, ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು. ಆ ಸುತ್ತುಗಳನ್ನು ಕಾಯ್ದುಕೊಳ್ಳಲು ಗವರ್ನರ್ ಕೋನವನ್ನು ತಾನೇ ಬದಲಿಸುತ್ತಿರುತ್ತದೆ. ಮೆಸರ್‌ಸ್ಮಿಟ್ 109ರಲ್ಲಿ ಸ್ವಯಂನಿಯಂತ್ರಣ ತೆಗೆದರೆ ಮಾತ್ರ ಕೋನವೇ ನೇರವಾಗಿ ಬದಲಾಗುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಹೇಗೆ?

ಶಕ್ತಿ ಹೆಚ್ಚಿಸುವಾಗ ಮೊದಲು ಸುತ್ತು, ಅನಂತರ ಥ್ರಾಟಲ್. ತಗ್ಗಿಸುವಾಗ ಮೊದಲು ಥ್ರಾಟಲ್. ಕಡಿಮೆ ಸುತ್ತಿನಲ್ಲಿ ಹೆಚ್ಚು ಒತ್ತಡ ಬಿದ್ದರೆ ಸಿಲಿಂಡರುಗಳಿಗೆ ಅಪಾಯವೆಂಬುದೇ ಈ ನಿಯಮಕ್ಕೆ ಕಾರಣ. ಶೇಕಡಾ ಅಂಕಿಯನ್ನು ನಂಬಿದವನಿಗೆ ಇದು ಹೊಳೆಯದು. ಸುತ್ತುಮಾಪಕದ ಮೇಲೆ ಕಣ್ಣಿಟ್ಟು ಆಡಿದರೆ ಆಟವೇ ಪಾಠವಾದೀತು.