ಹಿಂಬದಿಯ ಗಾಜಿನ ಹನುಮಂತ

ಕೊಳ್ಳೇಗಾಲದಿಂದ ಹನೂರಿಗೆ ಸ್ಕೂಟರಿನಲ್ಲಿ ಓಡಾಡುವ ನನ್ನಂಥವರು ದಾರಿಯ ಬಹುಭಾಗವನ್ನು ಯಾವುದಾದರೊಂದು ಲಗೇಜು ಆಟೋವಿನ ಬೆನ್ನು ನೋಡುತ್ತಲೇ ಕಳೆಯಬೇಕಾಗುತ್ತದೆ. ಆ ಬೆನ್ನುಗಳ ಮೇಲೆ ಓದಲಿಕ್ಕೆ ಬೇಕಾದಷ್ಟು ಸಾಹಿತ್ಯವಿದೆ: ತಾಯಿಯ ಆಶೀರ್ವಾದ, ಮಕ್ಕಳ ಹೆಸರು, ಚಿತ್ರನಟರ ಮುಖ, ಹುಲಿಯೇರಿದ ಮಾದೇಶ್ವರ. ಆದರೆ ಕಳೆದ ಹತ್ತು ವರ್ಷಗಳಲ್ಲಿ ಇವೆಲ್ಲವನ್ನೂ ಪಕ್ಕಕ್ಕೆ ಸರಿಸಿ ಗಾಜಿನ ನಟ್ಟನಡುವೆ ಬಂದು ಕುಳಿತದ್ದು ಒಂದು ಮುಖ. ಕಪ್ಪು ಮತ್ತು ಕೇಸರಿ, ಎರಡೇ ಬಣ್ಣ. ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ, ಅರ್ಧ ಕತ್ತಲಲ್ಲಿ ಅಡಗಿದ ಕೆನ್ನೆ. ಹೆಚ್ಚಿನ ವರ್ಣನೆ ವಾಚಕರಿಗೆ ಬೇಕಿಲ್ಲ. ಪತ್ರಿಕೆಯನ್ನು ಕೆಳಗಿಟ್ಟು ಬೀದಿಗೆ ಇಳಿದರೆ ಸಾಕು, ಆ ಹನುಮಂತ ಎದುರಾಗುತ್ತಾನೆ.

ಈ ಚಿತ್ರಕ್ಕೆ ಕರ್ತೃವುಂಟು, ಕಾಲವುಂಟು. ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ ಅವರು ಇದನ್ನು ರಚಿಸಿದ್ದು 2015ರಲ್ಲಿ. ಊರಿನ ಯುವಕರು ಗಣೇಶ ಚತುರ್ಥಿಯ ಧ್ವಜಕ್ಕೆ ಹೊಸ ಬಗೆಯ ಹನುಮಂತ ಬೇಕೆಂದು ಕೇಳಿದರಂತೆ; ಇವರು ಮುಖವೊಂದನ್ನೇ ಬರೆದುಕೊಟ್ಟರು. (1956ರಲ್ಲಿ ನಮ್ಮ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಿಂದ ಮೈಸೂರಿಗೆ ಬಂದಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಆ ಗಡಿಯಲ್ಲಿ ಹುಟ್ಟಿದ ಚಿತ್ರ ಈ ಗಡಿಯವರೆಗೆ ಬರಲು ಯಾವ ರಾಜ್ಯ ಪುನರ್ವಿಂಗಡಣೆಯೂ ಬೇಕಾಗಲಿಲ್ಲ.) ಧ್ವಜದಿಂದ ಮೊಬೈಲಿಗೆ, ಮೊಬೈಲಿನಿಂದ ಅಂಗಿಗೆ, ಅಂಗಿಯಿಂದ ಗಾಡಿಯ ಗಾಜಿಗೆ ಅದು ಹರಿಯಿತು. ಬರೆದವರ ಹೆಸರು ಮೊದಲ ಹೆಜ್ಜೆಯಲ್ಲೇ ಕಳಚಿ ಬಿದ್ದಿತು. 2018ರ ಮೇ ತಿಂಗಳಲ್ಲಿ, ವಿಧಾನಸಭಾ ಚುನಾವಣೆಯ ಪ್ರಚಾರಕ್ಕೆ ಮಂಗಳೂರಿಗೆ ಬಂದ ಪ್ರಧಾನಿ ನರೇಂದ್ರ ಮೋದಿಯವರು ಸಭೆಯಲ್ಲಿ ಈ ಕಲಾವಿದರನ್ನು ಹೊಗಳಿದರು. ಅಷ್ಟರಲ್ಲಿ ಇನ್ನೊಂದು ಪಕ್ಷದವರು ಈ ಮುಖದಲ್ಲಿ ಬೆದರಿಕೆಯನ್ನು ಕಂಡಿದ್ದರು. ತಾನು ಬರೆದದ್ದು ಕೋಪವನ್ನಲ್ಲ, ಒಂದು ಠೀವಿಯನ್ನು, ಬಲವನ್ನು ಎಂಬುದು ಕಲಾವಿದರ ಸಮಜಾಯಿಷಿ. ಅದನ್ನು ನಂಬದಿರಲು ನನಗೆ ಕಾರಣ ಕಾಣದು. ಆದರೆ ಕವಿಯ ಉದ್ದೇಶವೇ ಕಾವ್ಯದ ಅರ್ಥವಲ್ಲವೆಂದು ತರಗತಿಯಲ್ಲಿ ಇಪ್ಪತ್ತು ವರ್ಷ ಹೇಳಿದವನು ಚಿತ್ರದ ವಿಷಯದಲ್ಲಿ ಬೇರೆ ನ್ಯಾಯ ಹೇಳುವಂತಿಲ್ಲ.

ಇದು ಇಷ್ಟು ಬೇಗ ಹಬ್ಬಿದ್ದೇಕೆ? ರಾಜಕೀಯದವರು ರಾಜಕೀಯವನ್ನು ಹೇಳುತ್ತಾರೆ. ನಾನು ರೇಡಿಯಂ ಸ್ಟಿಕ್ಕರಿನ ಅಂಗಡಿಯನ್ನು ಹೇಳುತ್ತೇನೆ. ರವಿವರ್ಮನ ಅಚ್ಚುಕೂಟ 1894ರಲ್ಲಿ ಆರಂಭವಾದಾಗ ಒಂದು ಲಕ್ಷ್ಮಿಯನ್ನು ಅಚ್ಚು ಹಾಕಲು ಬಣ್ಣಕ್ಕೊಂದರಂತೆ ಕಲ್ಲುಗಳು ಬೇಕಾಗುತ್ತಿದ್ದವು; ಸೀರೆಯ ಜರಿ, ತಾವರೆಯ ಎಸಳು, ನೀರಿನ ನೆರಳು ಎಲ್ಲವೂ ಮೂಡಬೇಕಿತ್ತು. ಕಲಬುರಗಿಯ ಎಸ್. ಎಂ. ಪಂಡಿತರ ಕ್ಯಾಲೆಂಡರು ದೇವತೆಗಳ ಮೈಯಲ್ಲಿಯೂ ಬೆಳಕು ನೂರು ಬಗೆಯಾಗಿ ಆಡುತ್ತದೆ. ಈ ಹನುಮಂತನಿಗೆ ಅದೊಂದೂ ಬೇಡ. ಚಪ್ಪಟೆಯಾದ ಕೆಲವೇ ಆಕಾರಗಳು. ಕತ್ತರಿಸಿ ಅಂಟಿಸಿದರೆ ಮುಗಿಯಿತು. ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿದರೂ ಮುಖ ಕೆಡುವುದಿಲ್ಲ, ಧ್ವಜದಷ್ಟು ಹಿಗ್ಗಿಸಿದರೂ ಕೆಡುವುದಿಲ್ಲ. ರಿಚರ್ಡ್ ಡಾಕಿನ್ಸ್ ಎಂಬ ಜೀವವಿಜ್ಞಾನಿ 1976ರಲ್ಲಿ ‘ಮೀಮ್’ ಎಂಬ ಪದವನ್ನು ಟಂಕಿಸಿದಾಗ ಹೇಳಿದ್ದು ಇಂಥದನ್ನೇ: ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ನಕಲಾಗುತ್ತ ಹೋಗುವ ಸಂಸ್ಕೃತಿಯ ಬೀಜ. ಸುಲಭವಾಗಿ ನಕಲಾಗುವುದೇ ಉಳಿಯುತ್ತದೆ. ಈ ದೃಷ್ಟಿಯಿಂದ ಕರಣ್ ಆಚಾರ್ಯರದು ಅಸಾಧಾರಣ ರೇಖಾಕೌಶಲ. ಅದನ್ನು ಒಪ್ಪದೆ ವಿಮರ್ಶೆ ಮುಂದುವರಿಯಬಾರದು.

ಆದರೆ ಸುಲಭವಾಗುವುದಕ್ಕಾಗಿ ಬಿಟ್ಟದ್ದೇನು ಎಂಬುದನ್ನೂ ನೋಡಬೇಕಷ್ಟೆ. ನಮ್ಮ ಸೀಮೆಯ ಊರಬಾಗಿಲುಗಳಲ್ಲಿ, ಕೆರೆಯ ಏರಿಗಳಲ್ಲಿ ನಿಂತಿರುವ ಹನುಮಂತರಾಯನನ್ನು ಎಲ್ಲರೂ ಬಲ್ಲರು. ವ್ಯಾಸರಾಯರು 732 ಹನುಮಂತರನ್ನು ಪ್ರತಿಷ್ಠಿಸಿದರೆಂದು ಪ್ರತೀತಿ. ಆ ಮಾದರಿಯ ವಿಗ್ರಹ ಬಲಗೈ ಎತ್ತಿದೆ, ಎಡಗೈಯಲ್ಲಿ ಸೌಗಂಧಿಕಾ ಪುಷ್ಪ ಹಿಡಿದಿದೆ. ಬಾಲ ತಲೆಯ ಮೇಲೆ ಬಾಗಿ ಬಂದಿದೆ, ಅದರ ತುದಿಗೊಂದು ಗಂಟೆ. ಮುಖ ಪಕ್ಕಕ್ಕೆ ತಿರುಗಿದೆ. ಅದು ಸಾಧುವಾದ ಮೂರ್ತಿಯೇನೂ ಅಲ್ಲ, ಹೆಜ್ಜೆಯಲ್ಲಿ ವೀರವಿದೆ. ಹಳೆಯದೆಲ್ಲ ಶಾಂತ, ಹೊಸದೆಲ್ಲ ಉಗ್ರ ಎಂದು ಹೇಳುವವರು ಈ ಕಲ್ಲುಗಳನ್ನು ಸರಿಯಾಗಿ ನೋಡಿಲ್ಲ. ಆದರೆ ಎತ್ತಿದ ಕೈಗೆ ಎದುರಾಗಿ ಇನ್ನೊಂದು ಕೈಯಲ್ಲಿ ಹೂವಿದೆ. ದೇಹವೆಲ್ಲ ಸೇರಿ ಒಂದು ಅರ್ಥವನ್ನು ಕೊಡುತ್ತದೆ. ಹೊಸ ಚಿತ್ರದಲ್ಲಿ ಕೈಯಿಲ್ಲ, ಹೂವಿಲ್ಲ, ಬಾಲವಿಲ್ಲ, ಮುಂದೆ ರಾಮನೂ ಇಲ್ಲ. ಇರುವುದೆಲ್ಲ ಹುಬ್ಬು.

ಹುಬ್ಬಿನ ಮಾತು ಬಂದುದರಿಂದ ವಾಲ್ಮೀಕಿಯನ್ನು ನೆನೆಯಬೇಕು. ಕಿಷ್ಕಿಂಧಾಕಾಂಡದಲ್ಲಿ ಹನುಮಂತ ಮೊದಲ ಸಲ ಮಾತಾಡಿದಾಗ ರಾಮ ಲಕ್ಷ್ಮಣನಿಗೆ ಹೇಳುವ ಪ್ರಶಂಸೆಯಲ್ಲಿ, ಇವನ ಮುಖದಲ್ಲಾಗಲಿ ಕಣ್ಣಿನಲ್ಲಾಗಲಿ ಹಣೆಯಲ್ಲಾಗಲಿ ಹುಬ್ಬಿನಲ್ಲಾಗಲಿ ಎಲ್ಲಿಯೂ ದೋಷ ಕಾಣಲಿಲ್ಲ ಎಂಬ ಅರ್ಥದ ಮಾತಿದೆ. ಆದಿಕವಿ ಹನುಮಂತನ ಹುಬ್ಬನ್ನು ಗಮನಿಸಿದ್ದು ಹೀಗೆ! ಮುಂದೆ ಸುಂದರಕಾಂಡದಲ್ಲಿ, ಶಿಂಶುಪಾ ವೃಕ್ಷದ ಎಲೆಗಳ ನಡುವೆ ಮೈ ಕಿರಿದು ಮಾಡಿ ಕುಳಿತವನ ಚಿಂತೆ ಏನು? ಸೀತೆ ತನ್ನನ್ನು ಕಂಡು ಹೆದರಿದರೆ ಏನು ಗತಿ, ಸಂಸ್ಕೃತದಲ್ಲಿ ಮಾತಾಡಿದರೆ ರಾವಣನೆಂದು ಬೆಚ್ಚಿಯಾಳು, ಯಾವ ನುಡಿಯಲ್ಲಿ ಮಾತು ತೊಡಗಲಿ ಎಂದು. ಲಂಕೆಯನ್ನು ಸುಟ್ಟ ಮೇಲೆಯೋ, ಸೀತೆಯೂ ಬೆಂದುಹೋದಳೇನೋ ಎಂಬ ಭಯ ಹುಟ್ಟಿ, ಕೋಪಕ್ಕೆ ವಶನಾದ ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಕೋಪವನ್ನು ಕುರಿತು ಅವನಷ್ಟು ನಿಷ್ಠುರವಾಗಿ ವಿಮರ್ಶಿಸಿದ ಇನ್ನೊಬ್ಬ ವೀರ ಆ ಕಾವ್ಯದಲ್ಲಿಲ್ಲ. ನಾಗಚಂದ್ರನ ಜೈನ ರಾಮಾಯಣದಲ್ಲಿ ಹನುಮಂತ ಕಪಿಯೇ ಅಲ್ಲ, ವಿದ್ಯಾಧರ. ಕಾಲಕಾಲಕ್ಕೆ ಅವನ ರೂಪವನ್ನು ಬದಲಿಸುವ ಹಕ್ಕು ನಮ್ಮ ಕವಿಗಳಿಗೆ ಇದ್ದೇ ಇತ್ತು. ಇಂದಿನ ಕಲಾವಿದನಿಗೂ ಉಂಟು. ನನ್ನ ತಕರಾರು ಬದಲಾವಣೆಯ ಮೇಲಲ್ಲ.

ನಮ್ಮ ಅಲಂಕಾರಿಕರು ರಸಕ್ಕೆ ವಿಭಾವ ಬೇಕೆಂದರು. ರೌದ್ರವಿದ್ದರೆ ಆ ಕ್ರೋಧಕ್ಕೆ ಆಲಂಬನವೊಂದು ಎದುರಿಗಿರಬೇಕು. ಕಂಬದಿಂದ ಹೊರಬಂದ ನರಸಿಂಹನ ತೊಡೆಯ ಮೇಲೆ ಹಿರಣ್ಯಕಶಿಪುವಿದ್ದಾನೆ. ಮಹಿಷಮರ್ದಿನಿಯ ಕಾಲ ಕೆಳಗೆ ಮಹಿಷನಿದ್ದಾನೆ. ಯಾರ ಮೇಲೆ ಸಿಟ್ಟು ಎಂಬುದು ನೋಡುವವನಿಗೆ ತಿಳಿಯುತ್ತದೆ; ಆದ್ದರಿಂದ ಅವನು ನಿಶ್ಚಿಂತನಾಗಿ ಕೈಮುಗಿಯುತ್ತಾನೆ. ಈ ಗಾಜಿನ ಹನುಮಂತನ ಎದುರಿಗೆ ರಾವಣನಿಲ್ಲ, ಅಕ್ಷಕುಮಾರನಿಲ್ಲ. ಇರುವವನು ಹಿಂದೆ ಸ್ಕೂಟರಿನಲ್ಲಿ ಬರುತ್ತಿರುವ ನಾನು. ಆಲಂಬನದ ಸ್ಥಾನ ಖಾಲಿಯಾಗಿದೆ, ಯಾರು ಬೇಕಾದರೂ ಅಲ್ಲಿ ತಂದು ಯಾರನ್ನಾದರೂ ನಿಲ್ಲಿಸಬಹುದು. ಈ ಚಿತ್ರದ ಬಲವೂ ಅಪಾಯವೂ ಅಲ್ಲಿಯೇ ಇವೆ.

ಇದಕ್ಕೆ ಹೋಲಿಸಲು ಮಲೆಯ ಮಾದೇಶ್ವರನಿಗಿಂತ ಹತ್ತಿರದ ಮೂರ್ತಿ ನಮಗೆ ಬೇರೆ ಯಾವುದು? 2023ರಲ್ಲಿ ಬೆಟ್ಟದ ಮೇಲೆ ಅನಾವರಣಗೊಂಡ 108 ಅಡಿಯ ಪ್ರತಿಮೆಯಲ್ಲಿಯೂ, ಹತ್ತು ರೂಪಾಯಿಯ ಪಟದಲ್ಲಿಯೂ ಕಲ್ಪನೆ ಒಂದೇ. ಉಗ್ರತೆ ಇದೆ, ಆದರೆ ಅದು ಕೆಳಗೆ, ಹುಲಿಯಲ್ಲಿ. ಮೇಲೆ ಕುಳಿತವನ ಮುಖ ತಿಳಿಯಾಗಿದೆ. ಕಂಸಾಳೆಯವರ ಕಥೆಯಲ್ಲಿ ಮಾದಪ್ಪನ ಸಿಟ್ಟು ಸಣ್ಣದಲ್ಲ. ಶ್ರವಣನನ್ನು ಕೇಳಿ ನೋಡಿ. ಆದರೂ ಪಟ ಬರೆಯುವಾಗ ಜನ ಸಿಟ್ಟನ್ನು ವಾಹನ ಮಾಡಿದರು, ಮುಖ ಮಾಡಲಿಲ್ಲ.

ಮುಖವೊಂದೇ ಉಳಿದು ದೇಹ ಕಳೆದುಹೋದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಕಪ್ಪೆಯೊಂದು ಸಾಕ್ಷಿ. ಮ್ಯಾಟ್ ಫ್ಯೂರಿ ಎಂಬವನು 2005ರಲ್ಲಿ ‘ಬಾಯ್ಸ್ ಕ್ಲಬ್’ ಎಂಬ ವ್ಯಂಗ್ಯಚಿತ್ರ ಮಾಲೆಯಲ್ಲಿ ಪೆಪೆ ಎಂಬ ಸೋಮಾರಿ, ನಿರುಪದ್ರವಿ ಕಪ್ಪೆಯನ್ನು ಸೃಷ್ಟಿಸಿದ. ಅಂತರ್ಜಾಲದವರು ಅದರ ಮುಖವನ್ನು ಮಾತ್ರ ಕತ್ತರಿಸಿಕೊಂಡರು. ನಗಿಸಿದರು, ಅಳಿಸಿದರು, ಕೊನೆಗೆ ಜನಾಂಗದ್ವೇಷಿಗಳು ಅದಕ್ಕೆ ನಾಜಿ ವೇಷ ತೊಡಿಸಿದರು. 2016ರಲ್ಲಿ ಆಂಟಿ ಡಿಫಮೇಷನ್ ಲೀಗ್ ಸಂಸ್ಥೆ ಅದನ್ನು ದ್ವೇಷಸಂಕೇತಗಳ ಪಟ್ಟಿಗೆ ಸೇರಿಸಿತು, ಎಲ್ಲ ಬಳಕೆಯೂ ದ್ವೇಷದ್ದಲ್ಲವೆಂಬ ಎಚ್ಚರಿಕೆಯೊಡನೆ. ಮಾರನೆಯ ವರ್ಷ ಫ್ಯೂರಿ ತನ್ನ ಕಪ್ಪೆಯನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿ ಚಿತ್ರ ಬರೆದ. ಕಪ್ಪೆ ಸಾಯಲಿಲ್ಲ. 2019ರಲ್ಲಿ ಹಾಂಗ್‌ಕಾಂಗಿನ ಬೀದಿಗಳಲ್ಲಿ ಅದೇ ಮುಖವನ್ನು ಪ್ರಜಾಪ್ರಭುತ್ವ ಬೇಡುವ ಹುಡುಗರು ಹಿಡಿದು ನಡೆದರು. ದೇವರಿಗೂ ಕಪ್ಪೆಗೂ ಹೋಲಿಕೆಯೇ ಎಂದು ಯಾರೂ ಮುನಿಯಬಾರದು. ನಾನು ಹೋಲಿಸುತ್ತಿರುವುದು ಚಿತ್ರಗಳ ಹಣೆಬರಹವನ್ನು.

ಇಷ್ಟೆಲ್ಲ ಮನಸ್ಸಿನಲ್ಲಿ ಬರೆದುಕೊಂಡು ಇದ್ದಾಗಲೇ ಒಂದು ಸಂಜೆ ಹನೂರಿನ ಟೀ ಅಂಗಡಿಯ ಮುಂದೆ ಅಂಥದೊಂದು ಗಾಡಿ ನಿಂತಿತ್ತು. ತುಂಬ ರೇಷ್ಮೆಗೂಡು. ಚಾಲಕ ಇಪ್ಪತ್ತೈದರ ಹುಡುಗ. “ಯಾಕಪ್ಪಾ, ಹನುಮಂತನಿಗೆ ಇಷ್ಟು ಕೋಪ?” ಎಂದೆ.

“ಕ್ವಾಪ ಅಲ್ಲ ಸಾ ಅದು,” ಎಂದು ನಕ್ಕ. “ರಾತ್ರಿ ರಾಮನಗರದ ಮಾರ್ಕೆಟ್ಟಿಗೆ ಒಬ್ನೇ ಹೋಯ್ತೀನಿ. ಮುಂದ್ಗಡೆ ನಾನು ನೋಡ್ಕತ್ತೀನಿ, ಹಿಂದ್ಗಡೆ ನೋಡಕ್ಕೆ ಯಾರಾರ ಬ್ಯಾಡ್ವಾ?”

ಮುಂದಿನ ಗಾಜಿನಲ್ಲಿ ಮಾದಪ್ಪನ ಪುಟ್ಟ ಪಟವಿತ್ತು. ಅದು ಅವನಿಗೆ ಕಾಣುವಂತೆ ಒಳಮುಖವಾಗಿ ಅಂಟಿಸಿದ್ದು.

ನನ್ನ ಸಿದ್ಧಾಂತಕ್ಕೆ ಪೆಟ್ಟು ಬಿದ್ದುದು ನಿಜ. ಊರಬಾಗಿಲ ಹನುಮಂತ ಮಾಡುತ್ತಿದ್ದ ಕಾವಲಿನ ಕೆಲಸವನ್ನೇ ಈ ಹುಡುಗ ಗಾಜಿನ ಹನುಮಂತನಿಗೆ ವಹಿಸಿದ್ದ. ಹಾಗೆ ನೋಡಿದರೆ ಆ ಹುಬ್ಬಿನ ಗಂಟಿನಲ್ಲಿ ಸಿಟ್ಟಿಗಿಂತ ನಿದ್ದೆಗೆಟ್ಟ ಎಚ್ಚರವೇ ಕಂಡಿತು. ಆದರೂ ಮನೆಗೆ ಬಂದು ಯೋಚಿಸಿದಾಗ ನನ್ನ ಆಕ್ಷೇಪ ಪೂರ್ತಿ ಹೋಗಲಿಲ್ಲ. ಈ ಅರ್ಥವನ್ನು ನನಗೆ ತಿಳಿಸಿದ್ದು ಹುಡುಗನೇ ಹೊರತು ಚಿತ್ರವಲ್ಲ. ವ್ಯಾಸರಾಯರ ಹನುಮಂತನ ಕೈಯ ಹೂವನ್ನು ಕಾಣಲು ಯಾವ ಪೂಜಾರಿಯ ವ್ಯಾಖ್ಯಾನವೂ ಬೇಡ. ಇಲ್ಲಿಯಾದರೋ ಹಿಂದೆ ಬರುವ ಪ್ರತಿಯೊಬ್ಬನಿಗೂ ಗಾಡಿ ನಿಲ್ಲಿಸಿ ಅರ್ಥ ಹೇಳಬೇಕು; ಅವನಿಗಾದರೆ ಬೆಳಗಾಗುವುದರೊಳಗೆ ಗೂಡು ಮಾರುಕಟ್ಟೆ ಸೇರಬೇಕು.