ರೇನ್‌ಕೋಟಿನ ಬಣ್ಣ

ತಿಳಿ ಬಣ್ಣದ ತುಂಬುತೋಳಿನ ಶರ್ಟು, ಕಪ್ಪು ಅಥವಾ ನೇವಿ ಬ್ಲೂ ಪ್ಯಾಂಟು, ಕಪ್ಪು ಶೂ, ಅದಕ್ಕೆ ಹೊಂದುವ ಬೆಲ್ಟು. ಹುಡುಗೀರಿಗೆ ಸರಳವಾದ ಸಲ್ವಾರೋ ಸೀರೆಯೋ, ಬಳೆ ಸದ್ದು ಮಾಡಬಾರದು. ಯಾವ ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿಗೆ ಹೋದರೂ ಈ ಸ್ಲೈಡು ಇದ್ದೇ ಇರುತ್ತೆ. ಇಂಟರ್‌ವ್ಯೂ ಅಂದ್ರೆ ಹೀಗೇ ಅಂತ ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ಇದನ್ನ ಒಂದು ಬರಹ ಅಂತ ತಗೊಂಡು ಸ್ವಲ್ಪ ನಿಧಾನಕ್ಕೆ ಓದಿದರೆ ಹೇಗಿರುತ್ತೆ ಅನ್ನೋದಷ್ಟೇ ನನ್ನ ಕುತೂಹಲ.

ಇದರ ಅಜ್ಜ ಅಮೆರಿಕದಲ್ಲಿದ್ದಾನೆ. 1975ರಲ್ಲಿ ಜಾನ್ ಮೊಲ್ಲಾಯ್ ಅನ್ನೋರು ‘ಡ್ರೆಸ್ ಫಾರ್ ಸಕ್ಸೆಸ್’ ಅನ್ನೋ ಪುಸ್ತಕ ಬರೆದರು. ಎರಡು ವರ್ಷ ಬಿಟ್ಟು ಹೆಂಗಸರಿಗೂ ಒಂದು ಬರೆದರು. ಮೊದಲನೇ ಪುಸ್ತಕದಲ್ಲಿ ರೇನ್‌ಕೋಟಿನ ಬಗ್ಗೆ ಒಂದು ಪ್ರಸಿದ್ಧ ವಾದ ಇದೆ: ಕಪ್ಪು ರೇನ್‌ಕೋಟು ಹಾಕಿದವರನ್ನು ಜನ ಕೆಳಗಿನ ವರ್ಗದವರು ಅಂದ್ಕೋತಾರೆ, ತಿಳಿ ಕಂದು ಹಾಕಿದವರನ್ನು ಮೇಲಿನವರು ಅಂದ್ಕೋತಾರೆ. ಹಾಗಾಗಿ ತಿಳಿ ಕಂದೇ ಕೊಳ್ಳಿ. ಮೊಲ್ಲಾಯ್ ಬಗ್ಗೆ ನನಗೆ ಗೌರವ ಇರೋದು ಇಲ್ಲೇ. ಆತ ಮುಚ್ಚಿಡಲ್ಲ. ಬಟ್ಟೆ ತೋರಿಸೋದು ನಿಮ್ಮ ವರ್ಗವನ್ನ, ಕೆಲಸ ಬೇಕಿದ್ದರೆ ಮೇಲಿನ ವರ್ಗದವರ ಥರ ಕಾಣಿ ಅಂತ ನೇರವಾಗಿ ಹೇಳ್ತಾರೆ.

ನಮ್ಮ ಸ್ಲೈಡು ಅವರ ಸಲಹೆಗಳನ್ನು ಇಟ್ಟುಕೊಂಡು ಆ ಒಂದು ಪದವನ್ನ ತೆಗೆದುಹಾಕಿತು. ‘ವರ್ಗ’ ಇದ್ದ ಜಾಗಕ್ಕೆ ‘ಕಾನ್ಫಿಡೆನ್ಸ್’ ಬಂತು, ‘ಗ್ರೂಮಿಂಗ್’ ಬಂತು. ಹೀಗಾಗಿ ಬಟ್ಟೆ ಸರಿ ಇಲ್ಲದ ಹುಡುಗನಿಗೆ ದುಡ್ಡಿಲ್ಲ ಅಂತ ಅಲ್ಲ, ಆತ್ಮವಿಶ್ವಾಸ ಇಲ್ಲ ಅಂತ ಆಯ್ತು. ತಪ್ಪು ಅವನ ಜೇಬಿನಿಂದ ಅವನ ಸ್ವಭಾವಕ್ಕೆ ದಾಟಿತು.

ಮಳೆಯೇ ಅಪರೂಪದ ಚಳ್ಳಕೆರೆ ಸೀಮೆಗೆ ಈ ರೇನ್‌ಕೋಟ್ ಸಿದ್ಧಾಂತ ಬಂದಿರೋದು ನೋಡಿದ್ರೆ ನಗು ಬರುತ್ತೆ. ನಮ್ಮ ಗೌರಸಮುದ್ರದ ಕಡೆ ಹೊಸ ಬಟ್ಟೆ ಅಂದ್ರೆ ಮಾರಮ್ಮನ ಜಾತ್ರೆಗೆ ತರೋದು. ಜನ ಹರಕೆಗೆ ಈರುಳ್ಳಿ ತೂರ್ತಾರೆ, ಧೂಳು ಏಳುತ್ತೆ, ಆ ಗುಂಪಲ್ಲಿ ನಮ್ಮ ಹುಡುಗ ಎಲ್ಲಿದ್ದಾನೆ ಅಂತ ಅವ್ವನಿಗೆ ದೂರದಿಂದ ಕಾಣಬೇಕು. ಅದಕ್ಕೇ ಗಾಢ ನೀಲಿ, ಕೆಂಪು, ಹೊಳೆಯೋ ಬಟ್ಟೆ. ಆ ಮಣ್ಣಲ್ಲಿ ಬಿಳಿ ಶರ್ಟು ಬೆಳಗ್ಗೆ ಹತ್ತಕ್ಕೆ ಖಾಕಿ ಆಗಿರುತ್ತೆ. ಜಾತ್ರೆ ಶರ್ಟಿಗೊಂದು ಬುದ್ಧಿ ಇದೆ. ಸ್ಲೈಡು ಅದನ್ನ ‘ಲೌಡ್’ ಅನ್ನುತ್ತೆ.

ಈ ಎರಡು ತಾಲ್ಲೂಕಿಗೆ ಹೆಸರು ತಂದಿರೋದೇ ಬಟ್ಟೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಚಳ್ಳಕೆರೆಯ ಕರಿ ಕಂಬಳಿಯನ್ನ ಕುರಿ ಉಣ್ಣೆಯಿಂದ ಗುಂಡಿ ಮಗ್ಗದಲ್ಲಿ ನೇಯ್ದು ಹುಣಸೆ ಬೀಜದ ಗಂಜಿ ಕೊಡ್ತಾರೆ. ಎರಡೂ ಸ್ಲೈಡಿನ ಪರೀಕ್ಷೆಯಲ್ಲಿ ಫೇಲು. ಸೀರೆ ಉಟ್ಟು ಬಂದ ಹೊಸ ಹುಡುಗಿಯನ್ನ ಮದುವೆಗೆ ಹೊರಟಂಗಿದೆ ಅಂತಾರೆ. ಅದೇ ಸೀರೆಯನ್ನ ಕಂಪನಿಯ ವೈಸ್ ಪ್ರೆಸಿಡೆಂಟ್ ಮೇಡಂ ಉಟ್ಟರೆ ಕೈಮಗ್ಗದ ಅಭಿರುಚಿ ಆಗುತ್ತೆ, ಎಲ್ಲ ಸುತ್ತ ನಿಂತು ಫೋಟೋ ತಗೋತಾರೆ. ನೇಯ್ಗೆ ಒಂದೇ, ಉಟ್ಟವರು ಬೇರೆ.

ಇನ್ನು ಸ್ಲೈಡು ಬರೆದವರು ಬಸ್ಸನ್ನ ಮರೆತಿದ್ದಾರೆ. ಚಳ್ಳಕೆರೆಯಿಂದ ಬೆಂಗಳೂರಿಗೆ ಹೆಚ್ಚುಕಮ್ಮಿ ಇನ್ನೂರು ಕಿಲೋಮೀಟರು. ಹತ್ತು ಗಂಟೆಯ ಇಂಟರ್‌ವ್ಯೂಗೆ ರಾತ್ರಿಯೇ ಹೊರಡಬೇಕು. ಇಸ್ತ್ರಿ ಮಾಡಿದ ಶರ್ಟನ್ನ ಪೇಪರಲ್ಲಿ ಸುತ್ತಿ ತೊಡೆ ಮೇಲೆ ಇಟ್ಕೊಂಡು ಕೂತಿರೋರನ್ನ ಆ ಬಸ್ಸಲ್ಲಿ ನೋಡಿ. ಮೆಜೆಸ್ಟಿಕ್ಕಿನ ಶೌಚಾಲಯದಲ್ಲಿ ಒದ್ದೆ ನೆಲಕ್ಕೆ ತಾಗದಂಗೆ ಒಂದೇ ಕಾಲಲ್ಲಿ ನಿಂತು ಪ್ಯಾಂಟು ಬದಲಿಸೋದು ಒಂದು ಕಲೆ. ರೆಸ್ಯೂಮೆಯಲ್ಲಿ ಅದಕ್ಕೆ ಜಾಗ ಇಲ್ಲ.

ಇಷ್ಟೆಲ್ಲ ಆಗಿ ಒಳಗೆ ಹೋದರೆ ಎದುರಿಗೆ ಕೂತವರು ಟೀ ಶರ್ಟಲ್ಲಿ! ಟೈ ಅಂದ್ರೆ ಒಂದು ಕಾಲಕ್ಕೆ ಇನ್ಫೋಸಿಸ್ ನೆನಪಾಗುತ್ತಿತ್ತು, ಅವರೂ 2015ರಲ್ಲಿ ವಾರವಿಡೀ ಕ್ಯಾಷುಯಲ್‌ಗೆ ಒಪ್ಪಿದರು. ಈಗ ಬೆಂಗಳೂರಿನ ಟೆಕ್ ಪಾರ್ಕಿನಲ್ಲಿ ಶರ್ಟು ಇನ್ ಮಾಡಿ ಶೂ ಪಾಲಿಶ್ ಮಾಡಿ ನಿಂತಿರೋರು ಇಬ್ಬರೇ: ಸೆಕ್ಯೂರಿಟಿಯವರು, ಇಂಟರ್‌ವ್ಯೂಗೆ ಬಂದವರು. ಫಾರ್ಮಲ್ಸ್ ಈಗ ಅಧಿಕಾರದ ಉಡುಪಲ್ಲ, ಅನುಮತಿ ಕೇಳೋರ ಉಡುಪು. ಸ್ಲೈಡಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಬಟ್ಟೆ ನೋಡಿ ಬಾಗಿಲು ಮುಚ್ಚೋದು ಕಂಡಾಗ ನಾವು ಸಿಟ್ಟಾಗ್ತೀವಿ. 2024ರ ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ಕೊಳೆ ಬಟ್ಟೆ ಅಂತ ರೈತರೊಬ್ಬರನ್ನ ತಡೆದರು. ಜುಲೈನಲ್ಲಿ ಮಾಗಡಿ ರಸ್ತೆಯ ಮಾಲಿನಲ್ಲಿ ಪಂಚೆ ಉಟ್ಟ ಹಿರಿಯರನ್ನ ತಡೆದರು. ವಿಡಿಯೋ ಇತ್ತು, ಸುದ್ದಿಯಾಯ್ತು, ಮಾಲನ್ನೇ ಮುಚ್ಚಿಸಿದರು. ಇಂಟರ್‌ವ್ಯೂ ಕೋಣೆಗೆ ಕ್ಯಾಮೆರಾ ಇಲ್ಲ. ಅಲ್ಲಿಂದ ಬರೋದು ‘ಕಲ್ಚರ್ ಫಿಟ್’ ಇಲ್ಲ ಅನ್ನೋ ಒಂದು ಸಾಲಿನ ಮೇಲು ಮಾತ್ರ.

ತಮಾಷೆ ಅಂದ್ರೆ ಬಟ್ಟೆ ವಿಷಯದಲ್ಲಿ ನಮ್ಮ ಸರ್ಕಾರಿ ಪರೀಕ್ಷೆಯೇ ಹೆಚ್ಚು ಪ್ರಾಮಾಣಿಕ. 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿ ಕಡೆ ಬ್ಲೂಟೂತ್ ನಕಲು ಸಿಕ್ಕಿಬಿದ್ದ ಮೇಲೆ ಪರೀಕ್ಷಾ ಪ್ರಾಧಿಕಾರ ಮುಂದಿನ ತಿಂಗಳ ಪರೀಕ್ಷೆಗೆ ವಸ್ತ್ರ ಸಂಹಿತೆ ಹೊರಡಿಸಿತು. ಅರ್ಧ ತೋಳು, ಜೀನ್ಸ್ ಬೇಡ, ಶೂ ಬೇಡ. ಆ ಪಟ್ಟಿಯಲ್ಲಿ ನಾನು ಒಪ್ಪದ ಸಾಲುಗಳೂ ಇವೆ, ತಲೆ ಮುಚ್ಚಬಾರದು ಅನ್ನೋದು ಅದರಲ್ಲೊಂದು. ಆದರೆ ಏನು ಬೇಕು, ಯಾಕೆ ಬೇಕು ಅಂತ ಮೊದಲೇ ಬರೆದು ಕೊಟ್ಟರು. ಗೌರಸಮುದ್ರದವನಿಗೂ ಜಯನಗರದವನಿಗೂ ಅದೇ ಕಾಗದ. ಖಾಸಗಿಯವರ ಮೇಲಲ್ಲಿ ಇರೋದು ‘ಸ್ಮಾರ್ಟ್ ಫಾರ್ಮಲ್ಸ್’ ಅಂತ ಎರಡೇ ಪದ. ಅದರ ಅರ್ಥ ಮನೆಯಲ್ಲಿ ಈಗಾಗಲೇ ಆಫೀಸಿಗೆ ಹೋಗೋರು ಇರೋರಿಗೆ ಮಾತ್ರ ಗೊತ್ತು.

ಹಂಗಂತ ಹರಿದದ್ದು ಹಾಕ್ಕೊಂಡು ಹೋಗಿ ಅಂತ ನಾನು ಹೇಳ್ತಿಲ್ಲ. ಒಗೆದಿರಲಿ, ಅಳತೆಗೆ ಸರಿಯಾಗಿರಲಿ, ಕೂತರೆ ಗುಂಡಿ ಕೀಳಬಾರದು. ಅಷ್ಟಕ್ಕೆ ಯಾವ ತರಬೇತಿಯೂ ಬೇಡ.

ಈಗ ನಾನೂ ಪ್ಯಾನೆಲ್‌ನಲ್ಲಿ ಕೂರ್ತೀನಿ. ನಮ್ಮ ಟೀಮಿನಿಂದ ಹೋಗೋ ಮೇಲಿಗೆ ಒಂದು ಸಾಲು ಸೇರಿಸಿದೀನಿ: ನಾವು ಟೀ ಶರ್ಟಲ್ಲಿರ್ತೀವಿ, ನೀವೂ ಇರಬಹುದು, ಇದಕ್ಕೆ ಅಂಕ ಇಲ್ಲ. ಎಚ್ಆರ್‌ನವರು ಎರಡು ಸಲ ಅಳಿಸಿದರು, ಮೂರನೇ ಸಲ ಬಿಟ್ಟರು. ಹೋದ ವಾರ ಐದು ಜನ ಬಂದಿದ್ದರು. ನಾಲ್ಕು ಜನ ಟೈ ಕಟ್ಟಿದ್ದರು.